ಫೋರ್ಜ್ಡ್ ಹಾಕಿಸಿದ ಮಾತ್ರಕ್ಕೆ ಎಂಜಿನ್ ಉಳಿದೀತೇ?

ಪ್ರಶ್ನೆ: ನಾನು ಧಾರವಾಡದವನು. ಕೆಲಸಕ್ಕೆಂದು ಬಂದು ಪುಣೆಯಲ್ಲೇ ನೆಲೆಸಿದ್ದೇನೆ. 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಕಾರಿದೆ, 71,000 ಕಿ.ಮೀ. ಓಡಿದೆ. ಸ್ಟೇಜ್ 1 ಟ್ಯೂನ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಮಾತ್ರ ಬದಲಿಸುವುದು) ಮಾಡಿಸಿದ್ದೇನೆ, ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್ ಕಂಪನಿಯದೇ. ಈಗ ಐಎಸ್38 ಎಂಬ ದೊಡ್ಡ ಟರ್ಬೊ ಹಾಕಿಸಿ 400 ಪಿಎಸ್ (ಅಶ್ವಶಕ್ತಿ) ಮುಟ್ಟುವ ಆಸೆ. ಒಂದು ಗ್ಯಾರೇಜಿನವರು ‘ಫೋರ್ಜ್ಡ್ (ಬಡಿದು ಒತ್ತಿ ಮಾಡಿದ) ಪಿಸ್ಟನ್, ಅದನ್ನು ಕ್ರ್ಯಾಂಕ್‌ಗೆ ಜೋಡಿಸುವ ರಾಡ್ ಹಾಕದಿದ್ದರೆ ರಾಡ್ ಬ್ಲಾಕ್ ಸೀಳಿಕೊಂಡು ಹೊರಗೆ ಬರುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘ಸ್ಟಾಕ್ (ಕಂಪನಿಯದೇ ಭಾಗ) ಸಾಕು, ಎಂಜಿನ್ ಬಿಚ್ಚಲೇಬೇಡಿ’ ಎನ್ನುತ್ತಾರೆ. ತಿಂಗಳಿಗೊಮ್ಮೆ ಊರಿಗೆ ಹೋಗಿಬರುವ ಕಾರು ಇದು, ದಾರಿಯಲ್ಲಿ ಕೈಕೊಡಬಾರದು. ಮೇ ತಿಂಗಳಲ್ಲಿ ಖಂಬಾಟಕಿ ಘಾಟ್ ಏರುವಾಗ ಎಂಜಿನ್ ಅಂಕಿಗಳ ಲಾಗ್ ತೆಗೆದೆ: 2,600 ಆರ್‌ಪಿಎಂನಲ್ಲಿ ಮೂರನೇ ಸಿಲಿಂಡರಿನ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಗಳಿಗೆ) 6 ಡಿಗ್ರಿ ಹಿಂದೆ ಸರಿದಿತ್ತು, ಇನ್‌ಟೇಕ್ ಗಾಳಿಯ ಬಿಸಿ 68 ಡಿಗ್ರಿ ಇತ್ತು. ಪೆಟ್ರೋಲ್ 95 ಆಕ್ಟೇನ್. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿ ಬರೆದ ಆ ಲಾಗ್ ಇದೆಯಲ್ಲ, ಅದೇ ಇಡೀ ಪತ್ರದಲ್ಲಿ ಮುಖ್ಯವಾದ ಸಾಲು. ಅಲ್ಲಿಗೆ ಮತ್ತೆ ಬರುತ್ತೇನೆ. ನಿಮ್ಮ ಚಿಂತೆ ಇಷ್ಟು: ಹಣ ಹಾಕಿ ಎಂಜಿನ್ ಬಿಚ್ಚಿಸದೆ ಹೋದರೆ ಎಂಜಿನ್ನೇ ಹೋದೀತೇ, ಬಿಚ್ಚಿಸಿದರೆ ಇರುವ ಭರವಸೆಯೂ ಹೋದೀತೇ? ಎರಡೂ ಆಗಬಹುದು. ಇಬ್ಬರೂ ಹೇಳಿದ್ದು ಅರ್ಧರ್ಧ ಸರಿ, ಏಕೆಂದರೆ ಇಬ್ಬರೂ ‘400’ ಎಂಬ ಅಂಕಿಯನ್ನೇ ಹಿಡಿದು ಮಾತಾಡಿದ್ದಾರೆ. ರಾಡ್‌ಗೆ ಪಿಎಸ್ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಮೇಲಿನಿಂದ ಬೀಳುವ ಒತ್ತಡ ಮತ್ತು ಕೆಳಗಿನಿಂದ ಬರುವ ಎಳೆತ.

ಲೆಕ್ಕ ಸುಲಭ. ಟಾರ್ಕ್ ಅಂದರೆ ತಿರುಚುವ ಬಲವನ್ನು (ನ್ಯೂಟನ್ ಮೀಟರ್, ಎನ್‌ಎಂ) ಆರ್‌ಪಿಎಂನಿಂದ ಗುಣಿಸಿ 7,023ರಿಂದ ಭಾಗಿಸಿದರೆ ಪಿಎಸ್ ಸಿಗುತ್ತದೆ. 6,500 ಆರ್‌ಪಿಎಂನಲ್ಲಿ 430 ಎನ್‌ಎಂ ಇದ್ದರೆ ಹೆಚ್ಚುಕಡಿಮೆ 400 ಪಿಎಸ್ ಆಯಿತು. ಅದೇ 2,800 ಆರ್‌ಪಿಎಂನಲ್ಲಿ 500 ಎನ್‌ಎಂ ತೆಗೆದರೆ ಸಿಗುವುದು 200 ಪಿಎಸ್ ಮಾತ್ರ. ಕಾಗದದ ಮೇಲೆ ಎರಡನೆಯದು ಅರ್ಧದಷ್ಟು ಎಂಜಿನ್. ಆದರೆ ಪ್ರತಿ ಸ್ಫೋಟದಲ್ಲಿ ರಾಡ್ ಬಗ್ಗಿಸಲು ನೋಡುವುದು ಆ ಎರಡನೆಯದೇ. ಕಡಿಮೆ ವೇಗದಲ್ಲಿ ಪಿಸ್ಟನ್ ಮೇಲ್ತುದಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಒತ್ತಡ ಏರಲು ಸಮಯ ಸಿಗುತ್ತದೆ. ನಿಮ್ಮ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 82.5 ಮಿ.ಮೀ. ಸಿಲಿಂಡರಿನಲ್ಲಿ 100 ಬಾರ್ ಒತ್ತಡ ಬಂದರೆ ಪಿಸ್ಟನ್ ತಲೆಯ ಮೇಲೆ ಸುಮಾರು 5.4 ಟನ್ ಭಾರ ಕೂತಂತೆ. ಅದನ್ನು ಹೊರುವುದು ನಿಮ್ಮ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಒಂದು ಉಕ್ಕಿನ ತೊಲೆ.

ಇನ್ನು ಎಳೆತ. ಪಿಸ್ಟನ್ ಮೇಲೆ ಹೋಗಿ ತಿರುಗುವಾಗ ರಾಡ್ ಅದನ್ನು ಜಗ್ಗಿ ಕೆಳಗೆ ತರಬೇಕು. ಇದಕ್ಕೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಲೆಕ್ಕಕ್ಕಿಲ್ಲ, ಆರ್‌ಪಿಎಂ ಮಾತ್ರ ಲೆಕ್ಕ, ಅದೂ ಅದರ ವರ್ಗದ (ಸ್ಕ್ವೇರ್) ಲೆಕ್ಕ. ಲಿಮಿಟರನ್ನು (ಆರ್‌ಪಿಎಂ ಮೀರದಂತೆ ತಡೆಯುವ ಮಿತಿ) 6,500ರಿಂದ 7,200ಕ್ಕೆ ಏರಿಸಿದರೆ ಎಳೆತ ಶೇ. 23 ಹೆಚ್ಚುತ್ತದೆ. ಆಗ ಮೊದಲು ಸೋಲುವುದು ರಾಡ್ ಬೋಲ್ಟ್. ಹಾಗಾಗಿ ಟ್ಯೂನರ್ ಬಳಿ ‘ಎಷ್ಟು ಪಿಎಸ್ ಕೊಡುತ್ತೀರಿ’ ಎಂದು ಕೇಳಬೇಡಿ. ‘3,500 ಆರ್‌ಪಿಎಂ ಕೆಳಗೆ ಎಷ್ಟು ಟಾರ್ಕ್ ಬಿಡುತ್ತೀರಿ, ಲಿಮಿಟರ್ ಎಲ್ಲಿಡುತ್ತೀರಿ’ ಎಂದು ಕೇಳಿ. ಉತ್ತರ ಕೊಡಲು ತಡವರಿಸಿದರೆ ಕಾರು ವಾಪಸ್ ತನ್ನಿ.

ನಿಮ್ಮ ಕಾರಿನ ಇಎ888 ಮೂರನೇ ತಲೆಮಾರಿನ ಎಂಜಿನ್ನಿನ ಸ್ಟಾಕ್ ರಾಡ್‌ಗಳ ಮೇಲೆ ಅನುಭವಸ್ಥ ಟ್ಯೂನರ್‌ಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗೆರೆ 500 ಎನ್‌ಎಂ ಆಸುಪಾಸಿನದು. ಇದು ಕಂಪನಿ ಬರೆದುಕೊಟ್ಟ ಅಂಕಿಯಲ್ಲ, ರೂಢಿಯ ಅಂಕಿ. ಐಎಸ್38 ದೊಡ್ಡ ಟರ್ಬೊ, ನಿಮ್ಮ ಈಗಿನದಕ್ಕಿಂತ ತಡವಾಗಿ ಬೂಸ್ಟ್ ಕಟ್ಟುತ್ತದೆ. ಕೆಳಗಿನ ಟಾರ್ಕ್ ತಾನಾಗಿಯೇ ತಗ್ಗುವುದರಿಂದ ರಾಡ್‌ಗೆ ಅದು ಒಳ್ಳೆಯದೇ. ಹೀಗೆ ನೋಡಿದರೆ ಎರಡನೇ ಗ್ಯಾರೇಜಿನವರ ಮಾತಿನಲ್ಲಿ ಹುರುಳಿದೆ.

ಸ್ಕೋಡಾದ ಮಾತೃಸಂಸ್ಥೆ ಫೋಕ್ಸ್‌ವ್ಯಾಗನ್ ತಾನೇ ಇದನ್ನು ಮಾಡಿ ತೋರಿಸಿದೆ. ಗಾಲ್ಫ್ ಜಿಟಿಐನ ಎಂಜಿನ್ನನ್ನು ಗಾಲ್ಫ್ ಆರ್‌ಗಾಗಿ 300 ಪಿಎಸ್‌ಗೆ ಏರಿಸಿದಾಗ ಕಂಪನಿ ಬದಲಿಸಿದ್ದೆಂದು ಹೇಳಿದ ಪಟ್ಟಿಯಲ್ಲಿ ಸಿಲಿಂಡರ್ ಹೆಡ್, ಎಕ್ಸಾಸ್ಟ್ ವಾಲ್ವ್, ವಾಲ್ವ್ ಸೀಟ್, ಸ್ಪ್ರಿಂಗ್, ಪಿಸ್ಟನ್, ಇಂಜೆಕ್ಟರ್ ಮತ್ತು ಟರ್ಬೊ ಇದ್ದವು. ಆ ಪಟ್ಟಿಯಲ್ಲಿ ರಾಡ್ ಇರಲಿಲ್ಲ. ಅವರು ಹೆದರಿದ್ದು ಬಿಸಿಗೆ. ಜಿಟಿಐ ಮತ್ತು ನಿಮ್ಮ ಆರ್‌ಎಸ್ ಎಂಜಿನ್‌ಗಳದು 9.6:1 ಕಂಪ್ರೆಷನ್, ಅಂದರೆ ಮಿಶ್ರಣವನ್ನು 9.6 ಪಟ್ಟು ಒತ್ತುತ್ತವೆ. ಆರ್‌ನಲ್ಲಿ ಅದನ್ನು ಇಳಿಸಿದರು. ಅಂದರೆ ನೀವು ಆರ್‌ನಲ್ಲಿ ಬಂದ ಆ ಐಎಸ್38 ಮಾತ್ರ ತಂದು ಕೂರಿಸಿದರೆ, ಕಂಪನಿ ಆ ಟರ್ಬೊ ಜೊತೆ ಕೊಟ್ಟ ಬಿಸಿ ತಾಳುವ ಭಾಗಗಳು ನಿಮ್ಮ ಬಳಿ ಇರುವುದಿಲ್ಲ. ಅದರ ಮೇಲೆ ಇನ್ನೂ 100 ಪಿಎಸ್ ಕೇಳುತ್ತಿದ್ದೀರಿ.

ಈಗ ಮೊದಲನೇ ಗ್ಯಾರೇಜಿನವರ ಮಾತು. ‘ಫೋರ್ಜ್ಡ್ ಹಾಕಿದರೆ ಒಡೆಯುವುದಿಲ್ಲ’ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಟರ್ಬೊ ಎಂಜಿನ್ನಿನ ಪಿಸ್ಟನ್ ಒಡೆಯುವುದು ಬಹುಪಾಲು ನಾಕ್‌ನಿಂದ. ಪ್ಲಗ್ ಹಚ್ಚಿದ ಬೆಂಕಿ ಮೂಲೆ ಮುಟ್ಟುವ ಮೊದಲೇ ಅಲ್ಲಿ ಉಳಿದ ಮಿಶ್ರಣ ತಾನೇ ಸಿಡಿಯುತ್ತದೆ. ಇದಕ್ಕಿಂತ ಕೆಟ್ಟದ್ದು ಕಡಿಮೆ ವೇಗದ ಪೂರ್ವಜ್ವಲನ. 1,500ರಿಂದ 2,500 ಆರ್‌ಪಿಎಂ ನಡುವೆ, ಹೆಚ್ಚು ಲೋಡ್‌ನಲ್ಲಿ, ಎಣ್ಣೆಯ ಹನಿಯೋ ಇಂಗಾಲದ ಚೂರೋ ಪ್ಲಗ್‌ಗಿಂತ ಮೊದಲೇ ಬೆಂಕಿ ಹಚ್ಚುತ್ತದೆ. ಒತ್ತಡ ಮಾಮೂಲಿಯ ಎರಡರಷ್ಟಕ್ಕೂ ಏರಬಹುದು. ಆರನೇ ಗಿಯರಿನಲ್ಲಿ 1,600 ಆರ್‌ಪಿಎಂಗೆ ಘಾಟ್ ಏರುತ್ತಾ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಇದಕ್ಕೆ ಬಾಗಿಲು ತೆರೆದಂತೆ. ಮೊದಲು ಹೋಗುವುದು ಮೇಲಿನ ಎರಡು ರಿಂಗ್‌ಗಳ ನಡುವಿನ ತೆಳು ಅಂಚು. ಅದು ತುಂಡಾಗಿ ಬೋರ್ ಗೀಚುತ್ತದೆ. ಕಾರು ನಿಲ್ಲುವುದಿಲ್ಲ, ನಡುಗುತ್ತಾ ನೀಲಿ ಹೊಗೆ ಬಿಡುತ್ತಾ ಮನೆ ತಲುಪುತ್ತದೆ.

ಕಂಪನಿಯ ಪಿಸ್ಟನ್ ಎರಕದ್ದು. ಅದರಲ್ಲಿ ಸಿಲಿಕಾನ್ ಹೆಚ್ಚು, ಗಡಸು, ಬಿಸಿಗೆ ಹಿಗ್ಗುವುದು ಕಡಿಮೆ, ಆದರೆ ಪೆಟ್ಟಿಗೆ ಗಾಜಿನಂತೆ ಒಡೆಯುತ್ತದೆ. ಫೋರ್ಜ್ಡ್‌ನಲ್ಲಿ 2618 ಮಿಶ್ರಲೋಹಕ್ಕೆ ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ. ಪೆಟ್ಟು ಬಿದ್ದರೆ ಒಡೆಯುವ ಬದಲು ತಗ್ಗುತ್ತದೆ, ಬಾಗುತ್ತದೆ. ಅಷ್ಟೇ ಲಾಭ. ಕೆಟ್ಟ ಪೆಟ್ರೋಲ್ ಟ್ಯಾಂಕ್ ಒಂದರಲ್ಲಿ ನಿಮಗೆ ಅದು ಸ್ವಲ್ಪ ಹೊತ್ತು ಕೊಡುತ್ತದೆ, ವಿನಾಯಿತಿ ಕೊಡುವುದಿಲ್ಲ. ದಿನಾ ನಾಕ್ ಆಗುವ ಎಂಜಿನ್ನಿನಲ್ಲಿ ಫೋರ್ಜ್ಡ್ ಪಿಸ್ಟನ್ನೂ ಹೋಗುತ್ತದೆ, ಬೇರಿಂಗ್ ಅದಕ್ಕಿಂತ ಮೊದಲು ಹೋಗುತ್ತದೆ. ಇನ್ನೊಂದೆಡೆ 2618 ಹೆಚ್ಚು ಹಿಗ್ಗುವುದರಿಂದ ಬೋರ್ ಮತ್ತು ಪಿಸ್ಟನ್ ನಡುವೆ 0.075ರಿಂದ 0.1 ಮಿ.ಮೀ. ಜಾಗ ಬಿಡಬೇಕಾಗುತ್ತದೆ, ಕಂಪನಿಯದಕ್ಕೆ ಅದರ ಅರ್ಧ ಸಾಕು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು, ಎಣ್ಣೆ ಸ್ವಲ್ಪ ಹೆಚ್ಚು ಕುಡಿಯುವುದು, ಆ ಟಕಟಕವನ್ನೇ ನಾಕ್ ಎಂದು ತಿಳಿದು ಇಸಿಯು (ಎಂಜಿನ್ ಕಂಪ್ಯೂಟರ್) ಟೈಮಿಂಗ್ ಕಡಿಯುವುದು, ಇವೆಲ್ಲ ಜೊತೆಗೇ ಬರುತ್ತವೆ. ದಿನಬಳಕೆಯ ಕಾರಿಗೆ 4032 ಮಿಶ್ರಲೋಹದ ಫೋರ್ಜ್ಡ್ ಪಿಸ್ಟನ್ ವಾಸಿ. ಸಿಲಿಕಾನ್ ಇರುವುದರಿಂದ ಜಾಗ ಕಡಿಮೆ ಸಾಕು, ಸದ್ದೂ ಕಡಿಮೆ. ಪೆಟ್ಟು ತಾಳುವುದು ಮಾತ್ರ 2618ರಷ್ಟಲ್ಲ.

ರಾಡ್ ವಿಷಯ ಬೇರೆ. ಒಳ್ಳೆಯ 4340 ಉಕ್ಕಿನ ಎಚ್-ಬೀಮ್ (ಅಡ್ಡ ಕೊಯ್ದರೆ ಎಚ್ ಆಕಾರದ) ರಾಡ್, ಒಳ್ಳೆಯ ಬೋಲ್ಟ್ ಹಾಕಿದರೆ ಬಲ ನಿಜವಾಗಿಯೂ ಹೆಚ್ಚುತ್ತದೆ, ದಿನಬಳಕೆಯಲ್ಲಿ ಕಳೆದುಕೊಳ್ಳುವುದು ಕಡಿಮೆ. ನಾನು ಹಣ ಹಾಕಿಸುವುದಾದರೆ ಪಿಸ್ಟನ್‌ಗಿಂತ ಮೊದಲು ರಾಡ್‌ಗೆ ಹಾಕಿಸುತ್ತೇನೆ.

ಆದರೆ ಭಾಗದ ಗುಣಕ್ಕಿಂತ ಕೂಡಿಸುವ ಕೈಯ ಗುಣ ದೊಡ್ಡದು, ಇದನ್ನು ಯಾರೂ ಎಸ್ಟಿಮೇಟಿನಲ್ಲಿ ಬರೆಯುವುದಿಲ್ಲ. ಕಾರ್ಖಾನೆಯಲ್ಲಿ ಜೋಡಿಸಿದ ಎಂಜಿನ್ನಿನ ಪ್ರತಿ ಬೋರ್, ಪ್ರತಿ ಬೇರಿಂಗ್ ಅಳೆದು ಹೊಂದಿಸಿದ್ದು. ನಿಮ್ಮದು 71,000 ಕಿ.ಮೀ. ಓಡಿ ಅದನ್ನು ಸಾಬೀತು ಮಾಡಿದೆ. ಅದನ್ನು ಬಿಚ್ಚಿದ ಕ್ಷಣ ಆ ಸಾಬೀತು ಮುಗಿಯಿತು. ಫೋರ್ಜ್ಡ್ ಹಾಕಿದ ಕೆಲವು ಸಾವಿರ ಕಿ.ಮೀ. ಒಳಗೆ ಕೂತುಹೋಗುವ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ರಾಡ್ ತುಂಡಾಗಿರುವುದಿಲ್ಲ. ಬೇರಿಂಗ್ ತಿರುಗಿರುತ್ತದೆ, ಇಲ್ಲವೇ ರಿಂಗ್ ಸಿಕ್ಕಿಹಾಕಿಕೊಂಡಿರುತ್ತದೆ.

ರಿಂಗ್ ಅಂತರ ಒಂದನ್ನೇ ಹತ್ತಿರದಿಂದ ನೋಡಿ. ಮೇಲಿನ ರಿಂಗ್ ಬೋರ್‌ಗಿಂತ 100 ಡಿಗ್ರಿ ಹೆಚ್ಚು ಬಿಸಿಯಾದರೆ ಸುತ್ತಳತೆಯಲ್ಲಿ ಸುಮಾರು 0.3 ಮಿ.ಮೀ. ಬೆಳೆಯುತ್ತದೆ. ತುದಿಗಳ ನಡುವೆ ಅಷ್ಟು ಜಾಗವಿಲ್ಲದಿದ್ದರೆ ಎರಡೂ ಮುಟ್ಟಿಕೊಂಡು ರಿಂಗ್ ಬೋರ್‌ಗೆ ಒತ್ತಿ ನಿಲ್ಲುತ್ತದೆ, ಮುಂದಿನ ಏಟಿಗೆ ಪಿಸ್ಟನ್ ತಲೆಯನ್ನೇ ಕಿತ್ತುಕೊಂಡು ಬರುತ್ತದೆ. ರಸ್ತೆಯ ಟರ್ಬೊ ಎಂಜಿನ್‌ಗೆ ರೂಢಿಯ ಗುಣಕ ಬೋರ್‌ನ 0.0055. ನಿಮ್ಮ 82.5ಕ್ಕೆ ಅದು 0.45 ಮಿ.ಮೀ. ಎರಡನೇ ರಿಂಗ್‌ಗೆ ಅದಕ್ಕಿಂತ ಕೊಂಚ ಹೆಚ್ಚು ಬಿಡಬೇಕು, ನಡುವೆ ಸಿಕ್ಕ ಗ್ಯಾಸ್ ಹೊರಹೋಗಿ ಮೇಲಿನ ರಿಂಗ್ ಕುಣಿಯದಂತೆ. ಪಿಸ್ಟನ್ ಪೆಟ್ಟಿಗೆಯಲ್ಲಿ ಬಂದ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಆ ಹಾಳೆಯದೇ ಕೊನೆಯ ಮಾತು. ರಿಂಗ್ ಅನ್ನು ಬೋರ್ ಒಳಗಿಟ್ಟು, ಪಿಸ್ಟನ್ ತಲೆಕೆಳಗಾಗಿ ಹಿಡಿದು 25 ಮಿ.ಮೀ. ಕೆಳಗೆ ತಳ್ಳಿ ನೆಟ್ಟಗೆ ಕೂರಿಸಬೇಕು. ಫೀಲರ್ ಗೇಜ್ ಹಾಕಿ ನೋಡಬೇಕು. ಅರವನ್ನು ಹೊರಗಿನಿಂದ ಒಳಮುಖವಾಗಿ ಮಾತ್ರ ಉಜ್ಜಬೇಕು, ಇಲ್ಲದಿದ್ದರೆ ಹೊರ ಅಂಚಿನ ಲೇಪನ ಎದ್ದುಬರುತ್ತದೆ. ಮತ್ತೆ ಇಟ್ಟು ಅಳೆಯಬೇಕು. ನಾಲ್ಕು ಸಿಲಿಂಡರಿಗೆ ಎಂಟು ರಿಂಗ್, ಪ್ರತಿಯೊಂದೂ ತನ್ನದೇ ಬೋರ್‌ನಲ್ಲಿ. ‘ಪೆಟ್ಟಿಗೆಯಿಂದ ತೆಗೆದು ಹಾಗೇ ಹಾಕಿದೆವು, ಕಂಪನಿಯೇ ಹೊಂದಿಸಿ ಕಳಿಸಿರುತ್ತದೆ’ ಎನ್ನುವವರಿಗೆ ನಿಮ್ಮ ಎಂಜಿನ್ ಕೊಡಬೇಡಿ.

ರಾಡ್ ಬೋಲ್ಟ್ ಕೂಡ ಹಾಗೆಯೇ. ಟಾರ್ಕ್ ವ್ರೆಂಚ್ ತೋರಿಸುವುದರಲ್ಲಿ ಬಹುಪಾಲು ಎಳೆಗಳ ಉಜ್ಜಾಟ. ಬೋಲ್ಟ್ ಎಷ್ಟು ಹಿಡಿದಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಬೋಲ್ಟ್ ಬಿಗಿಯುವ ಮೊದಲು ಸ್ಟ್ರೆಚ್ ಗೇಜಿನಲ್ಲಿ ಉದ್ದ ಅಳೆದು ಬರೆದುಕೊಂಡು, ಬಿಗಿದ ಮೇಲೆ ಎಷ್ಟು ಹಿಗ್ಗಿತು ಎಂದು ನೋಡಬೇಕು. ಬೋಲ್ಟ್ ಜೊತೆ ಬಂದ ಗ್ರೀಸನ್ನೇ ಹಚ್ಚಬೇಕು, ಎಂಜಿನ್ ಎಣ್ಣೆ ಹಚ್ಚಿದರೆ ಅಂಕಿ ಬದಲಾಗುತ್ತದೆ. ಕಂಪನಿಯ ರಾಡ್ ಬೋಲ್ಟ್, ಮೇನ್ ಬೋಲ್ಟ್, ಹೆಡ್ ಬೋಲ್ಟ್‌ಗಳನ್ನು ಒಮ್ಮೆ ಬಿಚ್ಚಿದರೆ ಮತ್ತೆ ಬಳಸುವಂತಿಲ್ಲ, ಹೊಸವೇ ಬೇಕು. ಕಂಪನಿಯ ರಾಡ್‌ನ ಕ್ಯಾಪ್ ಒಡೆದು ಬೇರ್ಪಡಿಸಿದ್ದು, ಒಡೆದ ಮುಖಗಳು ಒಂದಕ್ಕೊಂದು ಮಾತ್ರ ಕೂಡುತ್ತವೆ. ಒಂದರ ಕ್ಯಾಪ್ ಇನ್ನೊಂದಕ್ಕೆ ಹೋದರೆ ಆ ಎರಡೂ ರಾಡ್ ಗುಜರಿಗೆ. ಬೇರಿಂಗ್ ಅಂತರವನ್ನು ಪ್ರತಿ ಜರ್ನಲ್‌ನಲ್ಲೂ (ಕ್ರ್ಯಾಂಕ್ ಮೇಲೆ ಬೇರಿಂಗ್ ಕೂರುವ ಭಾಗ) ಅಳೆಯಬೇಕು. ಸುಮಾರು 48 ಮಿ.ಮೀ. ಜರ್ನಲ್‌ಗೆ 0.05 ಮಿ.ಮೀ. ಆಸುಪಾಸು ಎಂಬುದು ರೂಢಿ.

ಪುಣೆಯ ಭೋಸರಿ, ಚಾಕಣ ಕಡೆ ಹೋನಿಂಗ್ (ಬೋರ್‌ನ ಒಳಗೋಡೆ ಉಜ್ಜಿ ಹದಮಾಡುವುದು) ಮಾಡುವ ಮಷೀನ್ ಶಾಪ್‌ಗಳಿಗೆ ಬರವಿಲ್ಲ. ಎರಡು ಪ್ರಶ್ನೆ ಕೇಳಿ: ಹೆಡ್ ಬದಲು ಟಾರ್ಕ್ ಪ್ಲೇಟ್ ಎಂಬ ದಪ್ಪ ತಟ್ಟೆ ಬಿಗಿದು ಹೋನ್ ಮಾಡುತ್ತೀರಾ, ಪ್ರತಿ ಪಿಸ್ಟನ್ ಅಳೆದು ಅದರ ಬೋರ್ ಹೊಂದಿಸುತ್ತೀರಾ? ಹೆಡ್ ಬಿಗಿದಾಗ ಬೋರ್ ಕೊಂಚ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಪ್ಲೇಟ್ ಇಲ್ಲದೆ ಗುಂಡಗೆ ಕೊರೆದದ್ದು ಆಮೇಲೆ ಗುಂಡಗಿರುವುದಿಲ್ಲ. ಈ ಬ್ಲಾಕಿನ ಗೋಡೆ ತೂಕ ಇಳಿಸಲೆಂದು ತೆಳುವಾಗಿಸಿದ್ದು. ಆದ್ದರಿಂದ ಬೋರ್ ಕೆಟ್ಟಿಲ್ಲದಿದ್ದರೆ ಓವರ್‌ಸೈಜ್ ಬೇಡ, 82.5ರಲ್ಲೇ ಇರಲಿ.

ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ. ಟರ್ಬೊ ಬದಲಿಸದೆ ಒಳ್ಳೆಯ ಇಂಟರ್‌ಕೂಲರ್, ಹೊಸ ಪ್ಲಗ್, ಸರಿಯಾದ ಟ್ಯೂನ್ ಮಾಡಿಸಿದರೆ 300 ಪಿಎಸ್ ಆಸುಪಾಸು ಸಿಗುತ್ತದೆ. ತಿಂಗಳಿಗೊಮ್ಮೆ ಧಾರವಾಡ ಮುಟ್ಟಬೇಕಾದ ಕಾರಿಗೆ ಇದೇ ಎಲ್ಲಕ್ಕಿಂತ ನೆಮ್ಮದಿಯ ದಾರಿ.

ಐಎಸ್38 ಬೇಕೇಬೇಕು ಎಂದರೆ ಸ್ಟಾಕ್ ಒಳಭಾಗಗಳ ಮೇಲೆಯೇ ಹಾಕಿಸಬಹುದು, ಷರತ್ತಿನೊಂದಿಗೆ. ಟಾರ್ಕ್ 3,500 ಆರ್‌ಪಿಎಂ ಕೆಳಗೆ 400 ಎನ್‌ಎಂ ದಾಟಬಾರದು, ಮೇಲೆ 450ಕ್ಕೆ ನಿಲ್ಲಬೇಕು, ಲಿಮಿಟರ್ ಕಂಪನಿಯದೇ ಇರಬೇಕು. ಸಿಗುವುದು 350ರಿಂದ 380 ಪಿಎಸ್. ಡೈನೊದಲ್ಲಿ (ಶಕ್ತಿ ಅಳೆಯುವ ಯಂತ್ರ) ಚಕ್ರದ ಅಂಕಿ ಇದಕ್ಕಿಂತ ಕಡಿಮೆ ಬರುತ್ತದೆ, ಗಾಬರಿ ಬೇಡ. ಅಪಾಯ ಇರುವುದು ರಾಡ್‌ನಲ್ಲಿ ಅಲ್ಲ, ಪಿಸ್ಟನ್ ಮತ್ತು ಎಕ್ಸಾಸ್ಟ್ ವಾಲ್ವ್‌ನಲ್ಲಿ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರ, ಇಲ್ಲಿ ಗಾಳಿಯ ಒತ್ತಡ ಮುಂಬೈಗಿಂತ ಸುಮಾರು ಶೇ. 6 ಕಡಿಮೆ. ಅದೇ ಬೂಸ್ಟ್ ಮುಟ್ಟಲು ಟರ್ಬೊ ಇಲ್ಲಿ ಹೆಚ್ಚು ತಿರುಗಬೇಕು, ಗಾಳಿ ಹೆಚ್ಚು ಬಿಸಿಯಾಗುತ್ತದೆ. ಮುಂಬೈಯಲ್ಲಿ ಮಾಡಿದ ಟ್ಯೂನ್ ಹಾಗೇ ತಂದು ಹಾಕಿಸಿಕೊಳ್ಳಬೇಡಿ. ಪೆಟ್ರೋಲ್ ವಿಷಯದಲ್ಲೂ ಹಾಗೆ. ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ 2020ರ ಡಿಸೆಂಬರ್‌ನಲ್ಲಿ ಮೊದಲು ಬಂದ ಊರುಗಳಲ್ಲಿ ಪುಣೆಯೂ ಒಂದು. ಆದರೆ ಅದಕ್ಕೆಂದೇ ಟ್ಯೂನ್ ಮಾಡಿಸಿ ಕೊಲ್ಲಾಪುರ ದಾಟಿ ಸಿಕ್ಕಿದ್ದು ತುಂಬಿಸಿದರೆ ಊರಿಗೆ ಹೋಗುವ ದಾರಿಯಲ್ಲೇ ಪಿಸ್ಟನ್ ಕೊಟ್ಟುಬರುತ್ತೀರಿ. ದಾರಿಯಲ್ಲಿ ಸಿಗುವ ಅತಿ ಕೆಟ್ಟ ಪೆಟ್ರೋಲಿಗೆ ಒಂದು ಮ್ಯಾಪ್ (ಟ್ಯೂನ್ ಫೈಲ್), 100ಕ್ಕೆ ಇನ್ನೊಂದು, ಹೀಗೆ ಎರಡು ಮಾಡಿಸಿಕೊಳ್ಳಿ. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ನಾಕ್ ತಡೆಯುವುದರಲ್ಲಿ ಒಳ್ಳೆಯದೇ, ಆದರೆ ಅದೇ ಶಕ್ತಿಗೆ ಹೆಚ್ಚು ಪೆಟ್ರೋಲ್ ಬೇಕು. ಪೂರ್ತಿ ಬೂಸ್ಟ್‌ನಲ್ಲಿ ರೈಲ್ ಒತ್ತಡ (ಇಂಜೆಕ್ಟರ್‌ಗೆ ಹೋಗುವ ಪೆಟ್ರೋಲಿನದು) ಇಸಿಯು ಕೇಳಿದ್ದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕುಸಿದರೆ ಹೈ ಪ್ರೆಷರ್ ಪಂಪ್ ಸಾಲುತ್ತಿಲ್ಲ ಎಂದರ್ಥ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಮುಂದಿನದು ನಿಮಗೆ ಗೊತ್ತು.

ನಿಜವಾದ 400 ಪಿಎಸ್, 500 ಎನ್‌ಎಂಗೆ ಹತ್ತಿರ, ವರ್ಷಗಟ್ಟಲೆ ಬೇಕೆಂದರೆ ಎಂಜಿನ್ ಬಿಚ್ಚಲೇಬೇಕು. ಆಗ ರಾಡ್ ಮಾತ್ರ ಹಾಕಿಸಿ ಅರ್ಧಕ್ಕೆ ನಿಲ್ಲಿಸುವುದು ನನಗೆ ಇಷ್ಟವಿಲ್ಲ. ಬಿಚ್ಚಿದ ಮೇಲೆ 4032 ಪಿಸ್ಟನ್, ರಾಡ್, ಹೊಸ ಬೇರಿಂಗ್, ಎಕ್ಸಾಸ್ಟ್ ವಾಲ್ವ್, ಇಂಜೆಕ್ಟರ್, ಪಂಪ್ ಎಲ್ಲ ಒಟ್ಟಿಗೆ ಆಗಲಿ. ಸ್ಟಾರ್ಟ್ ಆದ ಮೇಲೆ ಮೊದಲ ಎಣ್ಣೆ 50 ಕಿ.ಮೀ.ಗೇ ಇಳಿಸಿ, ಫಿಲ್ಟರ್ ಕತ್ತರಿಸಿ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಬೂದು ಪುಡಿ ಸ್ವಲ್ಪ ಇದ್ದರೆ ಸಹಜ. ತಾಮ್ರದ ಬಣ್ಣದ ಮಿನುಗು ಕಂಡರೆ ಅಲ್ಲೇ ನಿಲ್ಲಿಸಿ. 1,000 ಕಿ.ಮೀ.ವರೆಗೆ ಪೂರ್ತಿ ಬೂಸ್ಟ್ ಬೇಡ. ನಿಮ್ಮ ಡಿಕ್ಯೂ250 ಗಿಯರ್‌ಬಾಕ್ಸಿಗೆ ಸಾಮಾನ್ಯವಾಗಿ ಹೇಳುವ ಟಾರ್ಕ್ ಮಿತಿ 350 ಎನ್‌ಎಂ. ಹಾಗಾಗಿ ಎರಡನೇ ದಾರಿಯಿಂದಲೇ ಅದಕ್ಕೆ ಬೇರೆ ಟ್ಯೂನ್ ಬೇಕು, ಮೂರನೇ ದಾರಿಗೆ ಕ್ಲಚ್ಚೂ ಬೇಕು. ಇದು ಎಸ್ಟಿಮೇಟಿನಲ್ಲಿ ಇಲ್ಲದಿದ್ದರೆ ಎಸ್ಟಿಮೇಟ್ ಅಪೂರ್ಣ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನುಮತಿಯಿಲ್ಲದ ಮಾರ್ಪಾಡನ್ನು ಒಪ್ಪುವುದಿಲ್ಲ, ತಿಳಿಸದ ಮಾರ್ಪಾಡಿನ ಮೇಲೆ ವಿಮೆಯವರು ಕ್ಲೇಮ್ ತಡೆಯಬಹುದು. ಇದನ್ನೂ ಮೊದಲೇ ಯೋಚಿಸಿ.

ಆದರೆ ಈ ಮೂರರಲ್ಲಿ ಯಾವುದನ್ನೂ ನೀವು ಇಂದು ಆರಿಸುವಂತಿಲ್ಲ. ಆ ಲಾಗ್ ನೋಡಿ. ಸ್ಟೇಜ್ 1ರಲ್ಲೇ ಒಂದು ಸಿಲಿಂಡರ್ 6 ಡಿಗ್ರಿ ಕಳೆದುಕೊಳ್ಳುತ್ತಿದೆ, ಅಂದರೆ ಇಸಿಯು ಅಲ್ಲಿ ನಾಕ್ ಗುರುತಿಸಿ ಟೈಮಿಂಗ್ ಹಿಂದೆ ಸರಿಸುತ್ತಿದೆ. ಒಂದೆರಡು ಡಿಗ್ರಿ ಆಗಾಗ ಹೋಗಿಬಂದರೆ ಚಿಂತೆಯಿಲ್ಲ, ಒಂದೇ ಸಿಲಿಂಡರಿನಲ್ಲಿ ನಿಂತು 5–6 ಆದರೆ ಅದು ಕೂಗಿ ಹೇಳುತ್ತಿದೆ. 68 ಡಿಗ್ರಿ ಗಾಳಿ ಒಂದು ಕಾರಣ, ಹೊರಗಿನ ಬಿಸಿಗಿಂತ 20–25 ಡಿಗ್ರಿಗೆ ಹೆಚ್ಚು ಏರಬಾರದು. ಆದರೆ ಬಿಸಿ ಗಾಳಿ ನಾಲ್ಕೂ ಸಿಲಿಂಡರಿಗೂ ಹೋಗುತ್ತದಲ್ಲ, ಮೂರನೆಯದೇ ಏಕೆ?

ಮೊದಲು ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ನೋಡುವುದು) ಮಾಡಿಸಿ. ಪ್ರತಿ ಸಿಲಿಂಡರಿನ ಸೋರಿಕೆ ಶೇ. 10ರ ಒಳಗಿದ್ದು, ಒಂದಕ್ಕೊಂದು ಹತ್ತಿರವಿರಬೇಕು. ಮೂರರಲ್ಲಿ ಮಾತ್ರ 20 ದಾಟಿ, ಎಣ್ಣೆ ಹಾಕುವ ಬಾಯಿಯಿಂದ ಗಾಳಿ ಬುಸುಗುಟ್ಟಿದರೆ ರಿಂಗ್ ಕಡೆ ತೊಂದರೆ, ಆಗ ಬಿಚ್ಚುವುದು ಆಯ್ಕೆಯಲ್ಲ, ಅಗತ್ಯ. ಸೋರಿಕೆ ಸರಿಯಿದ್ದರೆ ಒಂದು ಹಂತ ತಣ್ಣನೆಯ (ಬಿಸಿ ಬೇಗ ಬಿಟ್ಟುಕೊಡುವ) ಹೊಸ ಪ್ಲಗ್ ನಾಲ್ಕೂ ಹಾಕಿಸಿ, ಗ್ಯಾಪ್ 0.6 ಮಿ.ಮೀ. ಇಡಿಸಿ. ಕಂಪನಿ ಒಪ್ಪಿದ ಎಣ್ಣೆಯಲ್ಲಿ ಎಪಿಐ ಎಸ್‌ಪಿ ದರ್ಜೆಯದು ಹಾಕಿಸಿ, ಕಡಿಮೆ ವೇಗದ ಪೂರ್ವಜ್ವಲನದ ಪರೀಕ್ಷೆ ಆ ದರ್ಜೆಯಲ್ಲಿ ಸೇರಿದೆ. ಆಮೇಲೆ ಮೂರನೇ ಸಿಲಿಂಡರಿನ ಕಾಯಿಲ್ (ಪ್ಲಗ್‌ಗೆ ವಿದ್ಯುತ್ ಕೊಡುವ ಭಾಗ) ತೆಗೆದು ಒಂದನೇ ಸಿಲಿಂಡರಿಗೆ, ಅಲ್ಲಿಯದು ಮೂರನೆಯದಕ್ಕೆ ಹಾಕಿ, ಅದೇ ಪೆಟ್ರೋಲಿನಲ್ಲಿ, ಅದೇ ಏರಿನಲ್ಲಿ, ನಾಲ್ಕನೇ ಗಿಯರಿನಲ್ಲಿ ಮತ್ತೆ ಲಾಗ್ ತೆಗೆಯಿರಿ. ತೊಂದರೆ ಒಂದನೇ ಸಿಲಿಂಡರಿಗೆ ಹೋಯಿತೇ, ಕಾಯಿಲ್ ತಪ್ಪು. ಮೂರರಲ್ಲೇ ಉಳಿಯಿತೇ, ಇಂಜೆಕ್ಟರ್ ತೆಗೆಸಿ ಹರಿವು ಪರೀಕ್ಷಿಸಿ, ಆ ಸಿಲಿಂಡರಿನ ಇನ್‌ಟೇಕ್ ವಾಲ್ವ್ ಮೇಲಿನ ಇಂಗಾಲವನ್ನು ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ನೋಡಿಸಿ.